ಷಡ್ಡು ಹೊಡೆದವರ ಸೀಮೆಯಲ್ಲಿ ಬ್ರೂಸ್ ಲೀ

ಕೃಷ್ಣಾ ತೀರದ ಸೀಮೆಯಲ್ಲಿ ಹಾರೂಗೇರಿ ಸುತ್ತಿನ ಯಾವ ಊರಿನ ಜಾತ್ರೆಗಾದರೂ ಹೋಗಿ. ಬಿಸಿಲು ಕೊಂಚ ಇಳಿಯುವ ಹೊತ್ತಿಗೆ ಗಂಡಸರೆಲ್ಲ ಒಂದೇ ದಿಕ್ಕಿಗೆ ಹರಿಯತೊಡಗುತ್ತಾರೆ. ಹಲಗಿ ಸದ್ದು ಬರುತ್ತಿರುವುದೂ ಆ ಕಡೆಯಿಂದಲೇ. ಸೋಸಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಷಿಣಪುಡಿ ಬೆರೆಸಿ ಹದ ಮಾಡಿದ ಕಣ. ಮೊದಲು ತೆಂಗಿನಕಾಯಿಗಾಗಿ ಸೆಣಸುವ ಹುಡುಗರ ಜೋಡಿಗಳು, ಆಮೇಲೆ ಸಣ್ಣ ಬಹುಮಾನದ ಕುಸ್ತಿಗಳು, ಹೊತ್ತು ಮುಳುಗುವ ಮುಂಚೆ ದೊಡ್ಡ ಜೋಡಿ. ಇಬ್ಬರೂ ಷಡ್ಡು ಹೊಡೆದು, ಕಣದ ಮಣ್ಣನ್ನು ಹಣೆಗೆ ಹಚ್ಚಿ, ಒಬ್ಬರ ಕುತ್ತಿಗೆಗೆ ಒಬ್ಬರು ಕೈಹಾಕಿ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಹತ್ತು ನಿಮಿಷ ಏನೂ ಆಗುವುದಿಲ್ಲ, ಹೊಸಬರಿಗೆ ಹಾಗನ್ನಿಸುತ್ತದೆ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ ಮುದುಕ ಮಾತ್ರ ಪೈಲವಾನರ ಮುಖ ನೋಡುತ್ತಿಲ್ಲ, ಹಿಮ್ಮಡಿ ನೋಡುತ್ತಿದ್ದಾನೆ. ಹಿಮ್ಮಡಿ ಒಂದಿಷ್ಟು ಮೇಲೆದ್ದರೆ ಮೈಭಾರ ಮುಂದಕ್ಕೆ ಬಂತೆಂದೇ ಲೆಕ್ಕ. "ಈಗ ಹಾಕತಾನ ನೋಡ್ರಿ" ಎಂದು ಅವನು ಹೇಳಿ ಮುಗಿಸುವುದರೊಳಗೆ ಢಾಕ ಪಟ್ಟು ಬಿದ್ದಿರುತ್ತದೆ, ಬೆನ್ನು ಮಣ್ಣಿಗೆ ಹತ್ತಿರುತ್ತದೆ, ಪಟಕಾಗಳು ಗಾಳಿಯಲ್ಲಿ ಹಾರಿರುತ್ತವೆ.

ಹಿಮ್ಮಡಿ ನೋಡುವ ಈ ಕಣ್ಣೇ ಟಾಕೀಸಿನ ಕತ್ತಲೆಯಲ್ಲೂ ಹೋಗಿ ಕೂತಿತು. ಕರಾಟೆ, ಕುಂಗ್‌ಫೂ ಚಿತ್ರಗಳನ್ನು ಜಗತ್ತಿನ ತುಂಬ ಜನ ನೋಡಿದ್ದಾರೆ, ಸಿಳ್ಳೆ ಹಾಕಿದ್ದಾರೆ. ಆದರೆ ಗರಡಿಮನೆಯ ಪಕ್ಕದಲ್ಲಿ ಬೆಳೆದವರು ನೋಡುವ ರೀತಿಯೇ ಬೇರೆ. ಹೀರೋ ಎಷ್ಟು ಜನರನ್ನು ಕೆಡವಿದ ಎಂಬ ಎಣಿಕೆ ಅವರಿಗೆ ಮುಖ್ಯವಲ್ಲ. ಅವನ ಕಾಲು ನೆಲಕ್ಕೆ ಕಚ್ಚಿಕೊಂಡಿದೆಯೇ, ಸೊಂಟ ತಿರುಗಿತೇ, ಏಟು ಎಲ್ಲಿಂದ ಹುಟ್ಟಿತು ಎಂಬುದು ಮುಖ್ಯ. ಕೆಟ್ಟ ಫೈಟಿಗೆ ಈ ಕಡೆಯ ಪ್ರೇಕ್ಷಕ ಕೊಡುವ ಸರ್ಟಿಫಿಕೇಟು ಒಂದೇ ಮಾತಿನದು: "ಗಾಳ್ಯಾಗ ಹೊಡ್ಯಾಕತ್ಯಾನ."

ಈ ಕಣ್ಣು ಸುಮ್ಮನೆ ಬಂದದ್ದಲ್ಲ. ಚಿಕ್ಕೋಡಿ ಸೀಮೆಯ ಯಕ್ಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ 1959ರಲ್ಲಿ ದೇಶದ ಮೊದಲ ಹಿಂದ್ ಕೇಸರಿಯಾದರು. ಅವರು ಪಳಗಿದ ಕೊಲ್ಹಾಪುರ ಇಲ್ಲಿಂದ ದೂರವೇನಲ್ಲ. ಕಬ್ಬು, ಬೆಲ್ಲ, ಅರಿಷಿಣದ ವ್ಯಾಪಾರಕ್ಕೆ ಸಾಂಗಲಿ, ಮೀರಜ, ಕೊಲ್ಹಾಪುರಕ್ಕೆ ಹೋಗಿಬರುವುದು ಈ ಸೀಮೆಯ ರೈತರಿಗೆ ನಿತ್ಯದ ಮಾತು. ಹಾಗೆ ಹೋದವರು ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನದಲ್ಲಿ ಕುಸ್ತಿಯನ್ನೂ ನೋಡಿ ಬಂದರು, ಟಾಕೀಸಿನಲ್ಲಿ ಸಿನಿಮಾವನ್ನೂ ನೋಡಿ ಬಂದರು. ಕುಸ್ತಿಯ ಊರಾದ ಕೊಲ್ಹಾಪುರ ಸಿನಿಮಾದ ಊರೂ ಆಗಿತ್ತು. ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ, 1929ರಲ್ಲಿ ಶುರುವಾದ ಪ್ರಭಾತ್ ಕಂಪನಿ ಎರಡೂ ಹುಟ್ಟಿದ್ದು ಅಲ್ಲಿಯೇ. ಮೂಕಿ ಚಿತ್ರಗಳ ಕಾಲದಲ್ಲಿ ಕತ್ತಿ ಝಳಪಿಸಿ, ಗೋಡೆ ಹಾರಿ ದೇಶವನ್ನೇ ಮರುಳು ಮಾಡಿದ ಸ್ಟಂಟ್ ನಾಯಕ ಮಾಸ್ಟರ್ ವಿಠ್ಠಲ್ ಪಳಗಿದ್ದೂ ಬಾಬುರಾವ್ ಪೇಂಟರ್ ಅವರ ಕಂಪನಿಯಲ್ಲೇ. 1931ರಲ್ಲಿ ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ'ಕ್ಕೆ ನಾಯಕನಾದದ್ದೂ ಅವರೇ.

ಅಂದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಕುಸ್ತಿ ಇಷ್ಟು ರಕ್ತದಲ್ಲಿರುವ ನಾಡಿನಲ್ಲಿ ಪರದೆಯ ಮೇಲಿನ ಹೊಡೆದಾಟ ಕುಸ್ತಿಯಾಗಲಿಲ್ಲ ಏಕೆ? ಹೀರೋಗಳೆಲ್ಲ ಕರಾಟೆ ಒದೆ ಒದ್ದದ್ದೇಕೆ?

ಉತ್ತರ ಕ್ಯಾಮೆರಾದಲ್ಲಿದೆ. ಕುಸ್ತಿಯಲ್ಲಿ ಎರಡು ಮೈಗಳು ಒಂದಕ್ಕೊಂದು ಹೆಣೆದುಕೊಂಡುಬಿಡುತ್ತವೆ. ನಿಜವಾದ ಕೆಲಸ ನಡೆಯುವುದು ಬೆರಳಿನ ಹಿಡಿತದಲ್ಲಿ, ಎದೆಯ ಒತ್ತಿನಲ್ಲಿ, ಉಸಿರಿನಲ್ಲಿ. ಅದು ಕಣ್ಣಿಗೆ ಕಾಣುವಂಥದ್ದಲ್ಲ. ಪಳಗಿದವರು ಊಹಿಸಿ ಅರಿಯುವಂಥದ್ದು. ಕರಾಟೆ, ಕುಂಗ್‌ಫೂಗಳಲ್ಲಿ ಇಬ್ಬರ ನಡುವೆ ಒಂದು ಮಾರು ಜಾಗ ಇರುತ್ತದೆ. ಒದೆ ಹೊರಡುವುದು, ಗಾಳಿಯಲ್ಲಿ ಸಾಗುವುದು, ತಾಗುವುದು ಮೂರೂ ಬಿಡಿಬಿಡಿಯಾಗಿ ಕಾಣುತ್ತವೆ. ಕ್ಯಾಮೆರಾಕ್ಕೆ ಬೇಕಾದದ್ದು ಆ ಒಂದು ಮಾರು ಜಾಗ. ನಟನಿಗೂ ಅದೇ ಬೇಕು, ಏಕೆಂದರೆ ಏಟು ತಾಗದೆಯೂ ತಾಗಿದಂತೆ ತೋರಿಸುವ ಮೋಸ ನಡೆಯುವುದು ಅಲ್ಲಿಯೇ. ಏಟು ತಿನ್ನುವವನ ಬೆನ್ನಹಿಂದೆ ಕ್ಯಾಮೆರಾ ಇಟ್ಟರೆ ಅವನ ಗಲ್ಲದ ಮುಂದೆ ಗೇಣುದ್ದ ದೂರದಲ್ಲಿ ಹಾದುಹೋದ ಮುಷ್ಟಿಯೂ ಗಲ್ಲಕ್ಕೇ ಬಿದ್ದಂತೆ ಕಾಣುತ್ತದೆ. ಉಳಿದದ್ದನ್ನು ಢಿಶುಂ ಸದ್ದು ನೋಡಿಕೊಳ್ಳುತ್ತದೆ.

ಸುದೀಪ್ ನಟಿಸಿದ, ಎಸ್. ಕೃಷ್ಣ ನಿರ್ದೇಶನದ 'ಪೈಲ್ವಾನ್' (2019) ಚಿತ್ರವನ್ನೇ ನೋಡಿ. ಹೆಸರು ಪೈಲ್ವಾನ್, ಶುರುವಾಗುವುದು ಕೆಮ್ಮಣ್ಣಿನ ಕಣದಲ್ಲಿ, ಮುಗಿಯುವುದು ಬಾಕ್ಸಿಂಗ್ ರಿಂಗಿನಲ್ಲಿ! ಹಿಂದಿಯ 'ಸುಲ್ತಾನ್' (2016) ಕೂಡ ಅಖಾಡ ಬಿಟ್ಟು ಪಂಜರದ ಹೊಡೆದಾಟಕ್ಕೆ ಹೋಯಿತು. ಅದೇ ವರ್ಷದ 'ದಂಗಲ್' ಒಂದೇ ಪಟ್ಟು ಬಿಡದೆ ಕುಸ್ತಿಯನ್ನು ಕುಸ್ತಿಯಾಗಿಯೇ ತೋರಿಸಿತು. ಅಂಕಗಳ ಲೆಕ್ಕವನ್ನು ಪ್ರೇಕ್ಷಕನಿಗೆ ಮೊದಲೇ ಕಲಿಸಿಕೊಟ್ಟಿದ್ದರಿಂದ ಗೆದ್ದಿತು. ನಮ್ಮಲ್ಲಿ 'ಮಯೂರ' (1975) ಚಿತ್ರದಲ್ಲಿ ಡಾ. ರಾಜ್‌ಕುಮಾರ್ ಜಟ್ಟಿಯೊಂದಿಗೆ ಸೆಣಸುವ ದೃಶ್ಯವಿದೆ. ಅಂಥವು ಬೆರಳೆಣಿಕೆಯವು.

ಹೀಗಾಗಿ ಬ್ರೂಸ್ ಲೀ ಇಲ್ಲಿಗೆ ಬಂದಾಗ ಅವನು ಹೊಸ ತರಹದ ಪೈಲವಾನನಾಗಿ ಕಂಡ. ಭಾರಿ ಮೈಯಿಲ್ಲ, ತೊಡೆ ತುಂಬಿಲ್ಲ, ಎತ್ತರವೂ ಸಾಧಾರಣ. ಆದರೆ ಅಂಗಿ ಕಳಚಿದರೆ ಬೆನ್ನಿನ ಒಂದೊಂದು ಸ್ನಾಯುವನ್ನೂ ಎಣಿಸಬಹುದು. 1940ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಹುಟ್ಟಿ ಹಾಂಗ್‌ಕಾಂಗ್‌ನಲ್ಲಿ ಬೆಳೆದ ಲೀ, ದೊಡ್ಡವನಾದ ಮೇಲೆ ನಾಯಕನಾಗಿ ಮುಗಿಸಿದ ಚಿತ್ರಗಳು ನಾಲ್ಕೇ: 'ದಿ ಬಿಗ್ ಬಾಸ್', 'ಫಿಸ್ಟ್ ಆಫ್ ಫ್ಯೂರಿ', 'ದಿ ವೇ ಆಫ್ ದಿ ಡ್ರ್ಯಾಗನ್', 'ಎಂಟರ್ ದಿ ಡ್ರ್ಯಾಗನ್'. ಕೊನೆಯದು ತೆರೆಗೆ ಬರುವ ಮೊದಲೇ, 1973ರ ಜುಲೈ 20ರಂದು, 32ನೇ ವಯಸ್ಸಿನಲ್ಲಿ ತೀರಿಕೊಂಡ. ನಾಲ್ಕು ಚಿತ್ರ ಮಾಡಿ ಹೋದವನ ಪೋಸ್ಟರು ಆಮೇಲೆ ದಶಕಗಳ ಕಾಲ ಕಟಿಂಗ್ ಶಾಪಿನ ಗೋಡೆಗಳಲ್ಲಿ, ಜಿಮ್ಮಿನ ಬಾಗಿಲುಗಳಲ್ಲಿ ಉಳಿದುಬಿಟ್ಟಿತು.

ಅವನ ಮಾತು ಯಾರಿಗೂ ಅರ್ಥವಾಗುತ್ತಿರಲಿಲ್ಲ ಎಂಬುದು ಇಲ್ಲಿ ಒಂದು ಕೊರತೆಯಾಗಲೇ ಇಲ್ಲ. 1960ರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಪರಭಾಷಾ ಚಿತ್ರಗಳನ್ನು ಡಬ್ ಮಾಡುವುದು ನಿಂತಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆಯ ವಿರುದ್ಧ ಆದೇಶ ಕೊಡುವವರೆಗೆ ಅದೇ ಅಲಿಖಿತ ಕಾನೂನು. ಕನ್ನಡವಾಡದ ಬ್ರೂಸ್ ಲೀ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಏನೋ ಹೇಳುತ್ತಿದ್ದ; ಜನ ಆ ಹೊತ್ತಿನಲ್ಲಿ ಶೇಂಗಾ ಸುಲಿಯುತ್ತಿದ್ದರು. ಅವನು ಕೋಳಿಯಂತೆ ಕೂಗು ಹಾಕಿ, ಹೆಬ್ಬೆರಳಿನಿಂದ ಮೂಗು ಸವರಿಕೊಂಡ ಕೂಡಲೇ ಶೇಂಗಾ ಚೀಲ ಕೆಳಗಿಳಿಯುತ್ತಿತ್ತು. ಬಾಯಿಮಾತಿಲ್ಲದೆ ಇಡೀ ಕಥೆ ಹೇಳಬಲ್ಲ ಸಿನಿಮಾ ಎಂದರೆ ಹೊಡೆದಾಟದ ಸಿನಿಮಾವೇ. ವಿಡಿಯೋ ಪಾರ್ಲರುಗಳ ಕಾಲದಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಕೂತು ನೋಡಬಹುದಾದ ಇಂಗ್ಲಿಷ್ ಚಿತ್ರ ಅದೊಂದೇ ಜಾತಿಯದು. ತುಂಡುಬಟ್ಟೆಯ ನಾಯಕಿಯರ ಕಾಟ ಅದರಲ್ಲಿ ಕಡಿಮೆ ಎಂಬುದೂ ಒಂದು ಕಾರಣವಿದ್ದೀತು.

'ದಿ ವೇ ಆಫ್ ದಿ ಡ್ರ್ಯಾಗನ್' (1972) ಚಿತ್ರದ ಕೊನೆಯ ಕಾಳಗವನ್ನು ಕುಸ್ತಿ ನೋಡುವವರ ಕಣ್ಣಿನಿಂದ ನೋಡಬೇಕು. ರೋಮಿನ ಹಳೇ ಕೊಲೋಸಿಯಂ. ಎದುರಿಗೆ ನಿಜಜೀವನದಲ್ಲೂ ಕರಾಟೆ ಚಾಂಪಿಯನ್ ಆಗಿದ್ದ ಚಕ್ ನಾರಿಸ್. ಇಬ್ಬರೂ ಕೂಡಲೇ ಮೇಲೆ ಬೀಳುವುದಿಲ್ಲ. ಅಂಗಿ ಕಳಚುತ್ತಾರೆ, ಬೆರಳು ಲಟಕೆ ಮುರಿಯುತ್ತಾರೆ, ಸೊಂಟ ಬಗ್ಗಿಸಿ ಮೈ ಕಾಯಿಸಿಕೊಳ್ಳುತ್ತಾರೆ. ಮೂಲೆಯಲ್ಲೊಂದು ಬೆಕ್ಕಿನ ಮರಿ ಕೂತಿದೆ. ಮೊದಲಿಗೆ ಲೀ ಏಟು ತಿನ್ನುತ್ತಾನೆ, ಬೀಳುತ್ತಾನೆ. ಆಮೇಲೆ ಅವನ ಹೆಜ್ಜೆ ಬದಲಾಗುತ್ತದೆ. ನಿಂತಲ್ಲೇ ಪುಟಿಯತೊಡಗುತ್ತಾನೆ; ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಎದುರಾಳಿಗೆ ಲೆಕ್ಕ ಸಿಗದಂತಾಗುತ್ತದೆ. ಕೈಕಾಲು ಮುರಿದ ಎದುರಾಳಿಗೆ ಸಾಕು ಎಂಬಂತೆ ಲೀ ತಲೆಯಾಡಿಸುತ್ತಾನೆ, ಅವನು ಒಪ್ಪುವುದಿಲ್ಲ. ಕೊನೆಗೆ ಕೊಂದಾದ ಮೇಲೆ ಅವನದೇ ಅಂಗಿಯನ್ನು, ಕರಿ ಪಟ್ಟಿಯನ್ನು ತಂದು ಹೆಣದ ಮೇಲೆ ಹೊದಿಸುತ್ತಾನೆ. ಸಾಮು, ಸಲಾಮು, ಸೋತವನಿಗೆ ಮರ್ಯಾದೆ. ಇಷ್ಟನ್ನು ಅರ್ಥ ಮಾಡಿಕೊಳ್ಳಲು ಯಾವ ಡಬ್ಬಿಂಗೂ ಬೇಕಿಲ್ಲ.

ಇನ್ನೊಂದು ಸಂಗತಿ ಗರಡಿಮನೆಯವರಿಗೆ ಹೇಳಿದರೆ ಎದೆಯುಬ್ಬಿಸುತ್ತಾರೆ. ಲೀ ತನ್ನ ಮೈ ಪಳಗಿಸಲು ಹುಡುಕಿ ಓದಿದವರಲ್ಲಿ ನಮ್ಮ ಗಾಮಾ ಪೈಲವಾನರೂ ಒಬ್ಬರು. 1910ರಲ್ಲಿ ಲಂಡನ್ನಿಗೆ ಹೋಗಿ ಪೋಲೆಂಡಿನ ಝಿಬಿಸ್ಕೋನನ್ನು ಎದುರಿಸಿದ, 1928ರಲ್ಲಿ ಪಟಿಯಾಲಾದಲ್ಲಿ ಅದೇ ಝಿಬಿಸ್ಕೋನನ್ನು ಒಂದು ನಿಮಿಷದೊಳಗೆ ಚಿತ್ ಮಾಡಿದ ಗಾಮಾ. ಅವರ ದಂಡ, ಬೈಠಕ್‌ಗಳ ಬಗ್ಗೆ ಬಂದ ಲೇಖನಗಳನ್ನು ಲೀ ಸಂಗ್ರಹಿಸಿಟ್ಟಿದ್ದ, ತಾನೂ ಮಾಡುತ್ತಿದ್ದ. ಬೆಳಿಗ್ಗೆ ನಾಲ್ಕಕ್ಕೆದ್ದು ತಾಲೀಮಿನಲ್ಲಿ ಸಪಾಟಿ ಹೊಡೆಯುವ ಅಥಣಿಯ ಹುಡುಗನೂ ಲಾಸ್ ಏಂಜಲೀಸಿನ ಮನೆಯಲ್ಲಿ ಬೆವರು ಸುರಿಸುತ್ತಿದ್ದ ಬ್ರೂಸ್ ಲೀಯೂ ಮಾಡಿದ್ದು ಒಂದೇ ಸಾಮು.

ಕನ್ನಡಕ್ಕೆ ತನ್ನದೇ ಬ್ರೂಸ್ ಲೀ ಬೇಕಿತ್ತು. ಸಿಕ್ಕಿದ್ದು ಹೊನ್ನಾವರದ ಕಡೆಯವರು, ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದವರು, '22 ಜೂನ್ 1897' ಎಂಬ ಮರಾಠಿ ಚಿತ್ರಕ್ಕೆ ಚಿತ್ರಕಥೆಯಲ್ಲಿ ಕೈಜೋಡಿಸಿದವರು. ಶಂಕರ್‌ನಾಗ್ ಅವರ ಮೊದಲ ಕನ್ನಡ ಚಿತ್ರ ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978). ಜಪಾನಿನ ಅಕಿರಾ ಕುರೋಸಾವರ ಸಮುರಾಯ್ ಚಿತ್ರಗಳ ಋಣ ಹೊತ್ತ ಆ ಚಿತ್ರದಲ್ಲಿ ಅವರು ಕೂಲಿ ಸೈನಿಕ ಗಂಡುಗಲಿ. ಎದುರಿಗೆ ಸುಂದರ್ ಕೃಷ್ಣ ಅರಸ್. ಗಂಡುಗಲಿಯ ಪಾತ್ರಕ್ಕೆ ಶಂಕರ್‌ನಾಗ್ ಅವರಿಗೆ 1979ರ ದೆಹಲಿ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕಲಾತ್ಮಕ ಚಿತ್ರದಲ್ಲಿ ಕತ್ತಿ ಹಿಡಿದು ಬಂದವರನ್ನು ಗಾಂಧಿನಗರ ಎತ್ತಿಕೊಂಡು 'ಕರಾಟೆ ಕಿಂಗ್' ಎಂದು ಪೋಸ್ಟರಿಗೆ ಹಾಕಿತು.

ತಮಾಷೆಯೆಂದರೆ ಶಂಕರ್‌ನಾಗ್ ಕರಾಟೆಯನ್ನು ಕ್ರಮವಾಗಿ ಕಲಿತವರೇ ಅಲ್ಲ. ಹಳೇ ಪ್ರಿಂಟು ಹಾಕಿಕೊಂಡು ಈಗ ನೋಡಿದರೆ ಅವರ ಒದೆಗಳಲ್ಲಿ ಕುಂದು ಹುಡುಕುವುದು ಕಷ್ಟವಲ್ಲ. ಆದರೂ ನಂಬಿಕೆ ಬರುತ್ತದೆ, ಏಕೆ? ಮೈಯಲ್ಲಿ ಅವಸರವಿತ್ತು. ಒಣ ಮೈ, ಬಾಗಿದ ಬೆನ್ನು, ಹಣೆ ಮುಚ್ಚುವ ಕೂದಲು, ಓಡುತ್ತಲೇ ಮಾತಾಡುವ ಅಭ್ಯಾಸ. ನಿಂತು ಭಂಗಿ ಕೊಟ್ಟು ಹೊಡೆಯುವ ನಾಯಕರ ನಡುವೆ ಈ ಮನುಷ್ಯ ಬಸ್ಸು ತಪ್ಪಿಹೋಗುತ್ತದೆ ಎಂಬಂತೆ ಹೊಡೆಯುತ್ತಿದ್ದರು. 'ಆಟೋ ರಾಜ' (1980) ಬಂದ ಮೇಲಂತೂ ಆಟೋ ಚಾಲಕರು ಅವರನ್ನು ತಮ್ಮವರನ್ನಾಗಿ ಮಾಡಿಕೊಂಡರು. ಇವತ್ತಿಗೂ ರಾಜ್ಯದ ಎಷ್ಟೋ ಆಟೋ ನಿಲ್ದಾಣಗಳಿಗೆ ಅವರದೇ ಹೆಸರು, ಆಟೋ ಹಿಂಬದಿಗೆ ಅವರದೇ ಮುಖ. 1988ರ 'ಸಾಂಗ್ಲಿಯಾನ' ಹೊತ್ತಿಗೆ ಅವರ ಹೊಡೆದಾಟಕ್ಕೆ ವೇಷ ಬದಲಾಯಿಸುವ ಮೋಜೂ ಸೇರಿತ್ತು. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ಅವರು ಹೋದಾಗ ಹೊರಟಿದ್ದುದು ನಮ್ಮ ಕಡೆಗೇ: 'ಜೋಕುಮಾರಸ್ವಾಮಿ' ಚಿತ್ರೀಕರಣಕ್ಕಾಗಿ ಲೋಕಾಪುರಕ್ಕೆ. ವಯಸ್ಸು 35.

ಕ್ರಮವಾಗಿ ಕಲಿತು ಬಂದವರೂ ಇದ್ದರು. ಮಧುಗಿರಿಯ ಅರ್ಜುನ್ ಸರ್ಜಾ ಹದಿಹರೆಯದಲ್ಲಿ 'ಎಂಟರ್ ದಿ ಡ್ರ್ಯಾಗನ್' ನೋಡಿ ಕರಾಟೆ ಕಲಿಯಲು ಹೋಗಿ ಬ್ಲ್ಯಾಕ್ ಬೆಲ್ಟ್ ಪಡೆದವರು. 1981ರ 'ಸಿಂಹದ ಮರಿ ಸೈನ್ಯ'ದ ಹುಡುಗ ಮುಂದೆ ತಮಿಳಿನಲ್ಲಿ 'ಆಕ್ಷನ್ ಕಿಂಗ್' ಆದರು. ಅವರ ಕಾಲು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಒದೆದ ಕಾಲು ಹೋದ ದಾರಿಯಲ್ಲೇ ಮಡಚಿಕೊಂಡು ಹಿಂದಿರುಗುತ್ತದೆ; ಕಲಿಯದವರ ಕಾಲು ಒದೆದ ಕಡೆಯೇ ಬಿದ್ದುಬಿಡುತ್ತದೆ.

ಹೆಣ್ಣುಮಕ್ಕಳ ಪೈಕಿ ಹೇಳಬೇಕಾದ ಹೆಸರು ಒಂದೇ, ಮಾಲಾಶ್ರೀ. 1989ರ 'ನಂಜುಂಡಿ ಕಲ್ಯಾಣ'ದ ಬಜಾರಿ ಹುಡುಗಿ 'ಚಾಮುಂಡಿ', 'ದುರ್ಗಿ' (2004), 'ಕಿರಣ್ ಬೇಡಿ' (2009) ಚಿತ್ರಗಳಲ್ಲಿ ಗಂಡಸರನ್ನು ಸಾಲಾಗಿ ಮಲಗಿಸುತ್ತ ಹೋದಾಗ ಟಾಕೀಸಿಗೆ ಹೆಂಗಸರ ಸರದಿ ಬೇರೆಯೇ ಬೆಳೆಯಿತು. ಹಾಂಗ್‌ಕಾಂಗ್‌ನಲ್ಲಿ ಇದೇ ದಾರಿ ತುಳಿದ ಮಿಶೆಲ್ ಯೋ 2023ರಲ್ಲಿ ಆಸ್ಕರ್ ವೇದಿಕೆ ಹತ್ತಿದರು. ಮಾಲಾಶ್ರೀಯವರ ಹೊಡೆದಾಟದ ಬಗ್ಗೆ ನಮ್ಮಲ್ಲಿ ನೆಟ್ಟಗೆ ನಾಲ್ಕು ಸಾಲು ಬರೆದವರೇ ಕಡಿಮೆ.

ಇನ್ನು ಜಾಕಿ ಚಾನ್. ಬ್ರೂಸ್ ಲೀಯನ್ನು ಪೂಜಿಸುವವರೂ ಜಾಕಿಯನ್ನು ಪ್ರೀತಿಸುತ್ತಾರೆ. ಕಾರಣ ಅವನಿಗೆ ನೋವಾಗುತ್ತದೆ. ಹೊಡೆದ ಮೇಲೆ ಕೈ ಕೊಡವಿಕೊಂಡು 'ಹಾ' ಎನ್ನುವ ಹೀರೋ ಅವನು. 1954ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಹುಡುಗನನ್ನು ಅಪ್ಪ ಅಮ್ಮ ಪೀಕಿಂಗ್ ಒಪೆರಾ ಕಲಿಸುವ ಶಾಲೆಗೆ ಬಿಟ್ಟರು. ಹತ್ತು ವರ್ಷ ಅಲ್ಲಿ ಹಾಡು, ಮುಖವರ್ಣಿಕೆ, ಲಾಗ, ಕೋಲು, ಕತ್ತಿ, ಜೊತೆಗೆ ಗುರುವಿನ ಬೆತ್ತ. ಕುಲಗೋಡದ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ವನ್ನೋ ಬೆಳತನಕ ನಡೆಯುವ ದೊಡ್ಡಾಟವನ್ನೋ ನೋಡಿದವರಿಗೆ ಇದು ಪರಕೀಯವಲ್ಲ. ದೊಡ್ಡಾಟದ ವೀರ ಕತ್ತಿ ಹಿಡಿದು ರಂಗ ಅದುರುವಂತೆ ಸುತ್ತು ಹಾಕುವಾಗ ಕಾಳಗವೂ ಕುಣಿತವೂ ಬೇರೆಯಾಗಿರುವುದಿಲ್ಲ. ಜಾಕಿಯ ಹೊಡೆದಾಟವೂ ಅದೇ ಜಾತಿಯದು: ತಾಳಕ್ಕೆ ಸರಿಯಾಗಿ ಹೆಜ್ಜೆ, ನಡುವೆ ಗಕ್ಕನೆ ನಿಲುಗಡೆ, ಮತ್ತೆ ಓಟ. ಕುರ್ಚಿ, ಏಣಿ, ಛತ್ರಿ ಕೈಗೆ ಸಿಕ್ಕಿದ್ದೆಲ್ಲ ಆಯುಧ. ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೂ ತೋರಿಸುತ್ತದೆ. ಹಿಮ್ಮಡಿ ನೋಡುವವರಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

1985ರ 'ಪೊಲೀಸ್ ಸ್ಟೋರಿ'ಯ ಕೊನೆಗೆ ಶಾಪಿಂಗ್ ಮಾಲಿನಲ್ಲಿ ಜಾಕಿ ಮೇಲಿನ ಅಂತಸ್ತಿನಿಂದ ಹಾರಿ, ದೀಪದ ಸರಗಳು ಸುತ್ತಿದ ಕಂಬ ಹಿಡಿದು ಜಾರಿ, ಗಾಜಿನ ಚಾವಣಿ ಒಡೆದು ನೆಲಕ್ಕೆ ಬೀಳುತ್ತಾನೆ. ಅಂಗೈ ಸುಟ್ಟುಹೋಯಿತು, ಬೆನ್ನೆಲುಬಿಗೆ ಪೆಟ್ಟಾಯಿತು. ಆ ಜಾರುವಿಕೆಯನ್ನು ಚಿತ್ರದಲ್ಲಿ ಬೇರೆಬೇರೆ ಕೋನದಿಂದ ಮೂರು ಸಲ ತೋರಿಸುತ್ತಾನೆ, 'ನಾನೇ ಬಿದ್ದದ್ದು, ನೋಡಿಕೊಳ್ಳಿ' ಎಂಬಂತೆ. ಆ ಚಿತ್ರದಲ್ಲಿ ಒಡೆದ ಗಾಜಿಗೆ ಲೆಕ್ಕವಿಲ್ಲ. ಸೆಟ್ಟಿನವರೇ ಅದನ್ನು ಗಾಜಿನ ಕಥೆ ಎಂದು ಕರೆಯುತ್ತಿದ್ದರಂತೆ. ಒಡೆಯಲೆಂದೇ ತಯಾರಿಸುವ ಆ ಗಾಜು ಸಕ್ಕರೆ ಪಾಕದ್ದು ಎಂದು ಹೇಳಿದರೆ ಕಬ್ಬಿನ ಸೀಮೆಯವರು ಒಂದು ಕ್ಷಣ ಸುಮ್ಮನಾಗುತ್ತಾರೆ. ನಾವು ಅರೆದು ಕಳಿಸಿದ್ದನ್ನು ಎಲ್ಲೋ ಒಬ್ಬ ತಲೆಯಿಂದ ಒಡೆಯುತ್ತಿದ್ದಾನೆ! ಮುಂದಿನ ವರ್ಷ 'ಆರ್ಮರ್ ಆಫ್ ಗಾಡ್' ಚಿತ್ರೀಕರಣದಲ್ಲಿ ಮರದಿಂದ ಬಿದ್ದು ಜಾಕಿಯ ತಲೆಬುರುಡೆಯೇ ಬಿರಿಯಿತು. ಇಂಥ ಬೀಳುಗಳನ್ನೆಲ್ಲ ಚಿತ್ರ ಮುಗಿದ ಮೇಲೆ ಹೆಸರುಗಳ ಜೊತೆ ತೋರಿಸುವುದು ಅವನ ರೂಢಿಯಾಯಿತು. ಆ ಜಾಕಿ ನಮ್ಮ ಹಂಪಿಗೂ ಬಂದು ಹೋಗಿದ್ದಾನೆ. 2005ರ 'ದಿ ಮಿತ್' ಚಿತ್ರದಲ್ಲಿ ಮಲ್ಲಿಕಾ ಶೆರಾವತ್ ಜೊತೆ ಅವನು ಓಡಾಡುವ ಕಲ್ಲುಮಂಟಪಗಳು ಅಲ್ಲಿನವೇ.

ಕನ್ನಡದಲ್ಲೂ ಒಂದು 'ಪೊಲೀಸ್ ಸ್ಟೋರಿ' ಇದೆ. 1996ರದು, ಸಾಯಿಕುಮಾರ್ ನಾಯಕ. ಜಾಕಿಯ ಚಿತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಅದರಲ್ಲಿ ಬೆಂಕಿ ಕಾರುವುದು ಕೈಗಿಂತ ಹೆಚ್ಚಾಗಿ ಬಾಯಿ. ಆದರೆ ನಿರ್ದೇಶಕರ ಹೆಸರು ಗಮನಿಸಬೇಕು: ಥ್ರಿಲ್ಲರ್ ಮಂಜು, ಸಾಹಸ ನಿರ್ದೇಶಕರು. ಹೀರೋ ಬದಲು ಬಿದ್ದು, ಹೀರೋ ಕೈಯಲ್ಲಿ ಏಟು ತಿಂದು ಹೊಟ್ಟೆ ಹೊರೆಯುವ ಬಳಗದಿಂದ ಒಬ್ಬರು ನಿರ್ದೇಶಕರ ಕುರ್ಚಿಗೆ ಬಂದಿದ್ದರು.

ಆ ಬಳಗಕ್ಕೆ ಪೋಸ್ಟರಿನಲ್ಲಿ ಜಾಗ ಸಿಗುವುದು ಅಪರೂಪ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಹಾರಿದ ಅನಿಲ್ ಮತ್ತು ಉದಯ್ ಮತ್ತೆ ಮೇಲೆ ಬರಲಿಲ್ಲ. ಕೂಡ ಹಾರಿದ ನಾಯಕನಟ ಬದುಕಿ ಬಂದರು. ಖಳರ ಪಾತ್ರಗಳಿಂದ ಪೋಸ್ಟರಿನವರೆಗೆ ಆಗತಾನೆ ಬಂದಿದ್ದ ಇಬ್ಬರು ಹುಡುಗರು ಅವರು. ಆ ದೃಶ್ಯವನ್ನು ಟಿವಿಯಲ್ಲಿ ಇಡೀ ನಾಡು ನೋಡಿತು. ಅದಾದ ಮೇಲೆ ಎತ್ತರದಿಂದ ಹಾರುವ ದೃಶ್ಯ ಬಂದಾಗಲೆಲ್ಲ ಎಷ್ಟೋ ಪ್ರೇಕ್ಷಕರು ಸಿಳ್ಳೆ ಹಾಕುವ ಬದಲು ಉಸಿರು ಬಿಗಿಹಿಡಿದರು.

ಈಗಿನ ಕನ್ನಡ ಆಕ್ಷನ್‌ಗೆ ದೇಶದ ಮನ್ನಣೆ ಸಿಕ್ಕಿದೆ. 'ಕೆಜಿಎಫ್' ಮೊದಲ ಭಾಗಕ್ಕೆ ಅನ್ಬರಿವ್ ಮತ್ತು ವಿಕ್ರಮ್ ಮೋರ್ ಅವರಿಗೆ, ಎರಡನೇ ಭಾಗಕ್ಕೆ ಅನ್ಬರಿವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ದೂಳು, ಕತ್ತಲೆ, ಸುತ್ತಿಗೆ, ಹಿನ್ನೆಲೆ ಸಂಗೀತ ಎಲ್ಲ ಸೇರಿ ಮೈ ಜುಮ್ಮೆನ್ನುವುದು ನಿಜ. ಆದರೂ ಹಳೇ ಅಭಿಮಾನಿಯ ಒಂದು ತಕರಾರು ಉಳಿಯುತ್ತದೆ. ಏಟು ಬೀಳುವ ಹೊತ್ತಿಗೆ ಶಾಟು ಕತ್ತರಿಸಿ ಹೋಗಿರುತ್ತದೆ. ಹೊಡೆದದ್ದು ನಟನೋ ಸಂಕಲನಕಾರನೋ ತಿಳಿಯುವುದಿಲ್ಲ. ಥಾಯ್ಲೆಂಡಿನ 'ಓಂಗ್ ಬಾಕ್' (2003) ಚಿತ್ರದಲ್ಲಿ ಟೋನಿ ಜಾ ಹಗ್ಗವಿಲ್ಲದೆ ಹಾರಿ ಮೊಣಕೈ ಇಳಿಸುವುದನ್ನು ನೋಡಿದವರಿಗೆ ಈ ಕೊರತೆ ಇನ್ನೂ ಚೆನ್ನಾಗಿ ಕಾಣುತ್ತದೆ. 'ಕಾಂತಾರ' (2022) ಬೇರೆ ದಾರಿ ಹಿಡಿಯಿತು. ಅಲ್ಲಿನ ಮೈ ಕಂಬಳದ ಕೆಸರಿನದು. 2025ರ 'ಕಾಂತಾರ ಅಧ್ಯಾಯ 1'ಕ್ಕಾಗಿ ರಿಷಬ್ ಶೆಟ್ಟಿ ಕಳರಿಪಯಟ್ಟು ಕಲಿತರು. ಕರಾವಳಿಯವರು ತಮ್ಮ ನೆಲದ ಮೈಯನ್ನು ತೆರೆಗೆ ತಂದಾಯಿತು. ಕೃಷ್ಣಾ ತೀರದ ಕೆಮ್ಮಣ್ಣಿನ ಮೈ ಇನ್ನೂ ಸರದಿಯಲ್ಲಿ ನಿಂತಿದೆ.

ಅತ್ತ ಜಾತ್ರೆಯಲ್ಲಿ ತೆಂಗಿನಕಾಯಿ ಕುಸ್ತಿ ನಡೆದಿರುತ್ತದೆ. ಎಂಟು ಹತ್ತು ವರ್ಷದ ಜೋಡಿ. ಪ್ರತಿ ಸಲ ಇಂಥವನೊಬ್ಬ ಇದ್ದೇ ಇರುತ್ತಾನೆ: ಲಂಗೋಟಿ ಬಿಗಿದು ಕಣಕ್ಕಿಳಿದವನು ಷಡ್ಡು ಹೊಡೆಯುವುದನ್ನು ಮರೆತು, ಎರಡೂ ಮುಷ್ಟಿ ಬಿಗಿದು, ಮೂಗು ಸವರಿಕೊಂಡು, 'ಊ' ಎಂದು ಕೂಗಿ ಒಂದು ಹಾರು ಒದೆ ಬಿಡುತ್ತಾನೆ. ಎದುರಿನವ ಪಕ್ಕಕ್ಕೆ ಸರಿದು ಅವನ ಕಾಲನ್ನು ಹಾಗೆಯೇ ಹಿಡಿದೆತ್ತಿ ಬೆನ್ನ ಮೇಲೆ ಕೆಡವುತ್ತಾನೆ. ವಸ್ತಾದರು ಬಂದು ಬಿದ್ದವನ ಕಿವಿ ಹಿಂಡಿ, "ಒದೀಬ್ಯಾಡಲೇ, ಹಿಡಿ" ಎಂದು ಗದರಿ, ಗೆದ್ದವನ ಕೈಗೆ ತೆಂಗಿನಕಾಯಿ ಕೊಟ್ಟು, ಮುಂದಿನ ಜೋಡಿಯನ್ನು ಕರೆಯುತ್ತಾರೆ.